ನವನಗರ: ಮನೆ ಒಂದು ಕಡೆ, ಪೇಟೆ ಒಂದು ಕಡೆ

ನಮ್ಮೂರಿನ ಇತಿಹಾಸವೆಂದರೆ ಮಹಾಕವಿ ರನ್ನನಿಂದ ಆರಂಭಿಸುವುದು ರೂಢಿ. ಬಳೆಗಾರರ ಮನೆತನದಲ್ಲಿ ಹುಟ್ಟಿ, ವಿದ್ಯೆಗಾಗಿ ದೂರದ ಶ್ರವಣಬೆಳಗೊಳಕ್ಕೆ ಹೋದ ಆ ಕವಿಚಕ್ರವರ್ತಿಯ ವಿಷಯವನ್ನು ಬಲ್ಲವರು ಬರೆಯುತ್ತಾರೆ. ನಾನು ಬರೆಯಹೊರಟದ್ದು ತೀರ ಹತ್ತಿರದ ಇತಿಹಾಸ. ನಮ್ಮ ಜಿಲ್ಲಾ ಕೇಂದ್ರ ಬಾಗಲಕೋಟೆಯ ಹೊರಗೆ ಹುಟ್ಟಿದ ನವನಗರದ್ದು. ಕಚೇರಿ ಕೆಲಸಕ್ಕೆಂದು ನಮ್ಮವರು ಹೋಗಿ ಬರುವ, ಮಕ್ಕಳನ್ನು ಓದಲಿಕ್ಕೆ ಇಡುವ, ಕಬ್ಬಿನ ಬಿಲ್ಲು ಬಂದ ವರ್ಷ "ಅಲ್ಲೊಂದು ಪ್ಲಾಟು ತಗೊಂಡು ಒಗದ್ರ ಹೆಂಗ?" ಎಂದು ಮನೆಯಲ್ಲಿ ಮಾತು ತೆಗೆಯುವ ಊರು ಅದು. ಹೀಗಾಗಿ ಅದು ಹೇಗೆ ಹುಟ್ಟಿತು, ಅಲ್ಲಿ ಬಾಳುವುದೆಂದರೆ ಹೇಗೆ ಎಂಬುದು ನಮಗೆ ಸಂಬಂಧಪಡದ ಮಾತಲ್ಲ.

ಮುಧೋಳದಿಂದ ಲೋಕಾಪುರ, ಕಲಾದಗಿ, ಗದ್ದನಕೇರಿ ದಾಟಿ ಹೋಗುವ ನಮಗೆ ಹಳೆಯ ಬಾಗಲಕೋಟೆಗಿಂತ ಮೊದಲು ನವನಗರವೇ ಎದುರಾಗುತ್ತದೆ. ಅಗಲವಾದ ರಸ್ತೆ, ಎರಡೂ ಬದಿಗೆ ಗಿಡ, ಒಂದರಂತೆ ಇನ್ನೊಂದಿರುವ ಸೆಕ್ಟರುಗಳು. ಮೊದಲ ಸಲ ಇಳಿದ ಹಳ್ಳಿಯವ "ಊರು ಎಲ್ಲೈತ್ರೀ?" ಎಂದು ಕೇಳುತ್ತಾನೆ. ಅವನ ತಪ್ಪಲ್ಲ. ಬಜಾರು, ಗದ್ದಲ, ಗುಡಿಯ ಮುಂದಿನ ಹೂವಿನ ಅಂಗಡಿಸಾಲು ಇದ್ದರೆ ಅದು ಊರು ಎಂದು ಕಲಿತವರು ನಾವು. ಅದೆಲ್ಲ ಇರುವುದು ಇನ್ನೂ ಕೆಲವು ಕಿಲೋಮೀಟರು ಮುಂದೆ, ಘಟಪ್ರಭೆಯ ದಂಡೆಯ ಹಳೆಯ ಊರಿನಲ್ಲಿ.

ಈ ಊರನ್ನು ಹುಟ್ಟಿಸಿದ್ದು ನೀರು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅವರು ಪ್ರಧಾನಿಯಾದದ್ದು ಮುಂದಿನ ತಿಂಗಳು. ಅಣೆಕಟ್ಟು ಎದ್ದರೆ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಸರಿದು ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ಬರುತ್ತದೆ ಎಂಬುದು ಗೊತ್ತಿದ್ದ ಸಂಗತಿ. ಹಳ್ಳಿಗಳ ಮುಳುಗಡೆಯೇ ದೊಡ್ಡ ಕೆಲಸ. ಇಲ್ಲಿ ನೂರಾರು ವರ್ಷದ ವ್ಯಾಪಾರದ ಪಟ್ಟಣವೇ ಏಳಬೇಕಾಗಿತ್ತು. ಅದಕ್ಕಾಗಿ 1983ರ ಕಾಯ್ದೆಯಿಂದ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ಮುಂದೆ ಎರಡು ದಶಕಗಳ ಕಾಲ ಆ ಊರಿನ ಮಂದಿ ಮಾತಾಡಿದ್ದು ಮೀಟರಿನ ಲೆಕ್ಕದಲ್ಲಿ. ಸಮುದ್ರಮಟ್ಟದಿಂದ ನಿನ್ನ ಮನೆ ಎಷ್ಟು ಮೀಟರು ಎತ್ತರದಲ್ಲಿದೆ ಎಂಬುದರ ಮೇಲೆ ನೀನು ಏಳಬೇಕೋ ಕೂಡ್ರಬೇಕೋ ಎಂಬುದು ತೀರ್ಮಾನವಾಯಿತು. ಒಂದೇ ಓಣಿಯಲ್ಲಿ ಕೆಳಗಿನವರು ಎದ್ದು ಹೋದರು, ಮೇಲಿನವರು ಉಳಿದರು. ಅಣ್ಣನ ಮನೆ ಹೋಯಿತು, ತಮ್ಮನದು ಉಳಿಯಿತು. ಸುಪ್ರೀಂ ಕೋರ್ಟು 2000ದ ಏಪ್ರಿಲ್‌ನಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಬಹುದೆಂದ ಮೇಲೆ ಹಿನ್ನೀರು ಬರುವುದು ನಿಶ್ಚಯವಾಯಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಆ ನೀರಿನಿಂದ ವಿಜಯಪುರ, ಯಾದಗಿರಿ, ರಾಯಚೂರು ಕಡೆಯ ಎಷ್ಟೋ ಒಣ ಹೊಲಗಳು ಹಸಿರಾದವು ಎಂಬುದನ್ನೂ ಮರೆಯಬಾರದು.

ಊರಿನ ಹೊರಗೆ ಬಡಾವಣೆ ಕಟ್ಟುವುದು ನಮ್ಮ ನಾಡಿಗೆ ಹೊಸತೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಿನ ಪೇಟೆ ಬಿಟ್ಟು ಜನ ಹೊರಗೆ ಹೋದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ಮುಂಬಯಿ ತುಂಬಿ ತುಳುಕಿದಾಗ 1970ರ ಸುಮಾರಿಗೆ ಖಾಡಿಯ ಆಚೆ ನವಿ ಮುಂಬಯಿ ಎದ್ದಿತು. ಅದರ ಯೋಜನೆಯಲ್ಲಿ ಮುಂದಾಗಿದ್ದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರೇ 1980ರ ದಶಕದಲ್ಲಿ ಹೊಸ ಬಾಗಲಕೋಟೆಯ ವಿನ್ಯಾಸಕ್ಕೂ ಕೈ ಹಾಕಿದರು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಬಿಸಿಲಿನ ನಾಡಿನಲ್ಲಿ ಮೇಲೆ ಆಕಾಶ ಕಾಣುವ ಅಂಗಳವೂ ಮನೆಯ ಒಂದು ಕೋಣೆಯೇ ಎಂಬುದು ಅವರ ನಂಬಿಕೆಯಾಗಿತ್ತು. ಆದರೆ ಕಾಗದದ ಮೇಲಿನ ಅಂಗಳ ಬೇರೆ, ಪರಿಹಾರದ ಹಣ ಕೈಯಲ್ಲಿ ಹಿಡಿದು ಗೌಂಡಿಯ ಜೊತೆ ಚೌಕಾಸಿ ಮಾಡುವವನ ಮನೆ ಬೇರೆ. ಮಂದಿ ಇದ್ದ ಜಾಗದ ತುಂಬ ಸ್ಲ್ಯಾಬು ಹಾಕಿದರು. ನಮ್ಮ ಕಡೆಯ ಮಣ್ಣಿನ ಮೇಲ್ಮುದ್ದಿಯ ಮನೆಯೊಳಗಿನ ತಂಪು ಆ ಸ್ಲ್ಯಾಬಿನ ಕೆಳಗೆ ಎಲ್ಲಿಂದ ಬರಬೇಕು?

ಇನ್ನು ಅಲ್ಲಿಯ ಬಾಳುವೆ. ಆರಂಭದ ವರ್ಷಗಳಲ್ಲಿ ಹೋಗಿ ನೆಲೆಸಿದವರು ಹೇಳುವ ಮೊದಲ ಮಾತೆಂದರೆ ಆ ಊರಿನ ಮೌನ. ಹಳೆಯ ಊರಿನಲ್ಲಿ ಗೋಡೆಗೆ ಗೋಡೆ ಹತ್ತಿತ್ತು; ಒಂದು ಮನೆಯ ಒಗ್ಗರಣೆ ಘಾಟು ನಾಲ್ಕು ಮನೆಗೆ ಕೆಮ್ಮು ತರುತ್ತಿತ್ತು. ಇಲ್ಲಿ ಒಂದು ಮನೆ ಎದ್ದರೆ ಪಕ್ಕದ ನಾಲ್ಕು ಪ್ಲಾಟು ಜಾಲಿ ಕಂಟಿ. ಸಂಜೆ ಏಳರ ಮೇಲೆ ನಾಯಿಯ ದನಿ ಬಿಟ್ಟರೆ ಬೇರೆ ದನಿಯಿಲ್ಲ. ಸೆಕ್ಟರಿನ ನಂಬರು ಗೊತ್ತಿಲ್ಲದಿದ್ದರೆ ಬೀಗರ ಮನೆ ಸಿಗುವುದಿಲ್ಲ. ಹಳೆಯ ಊರಿನಲ್ಲಿ ಮನೆತನದ ಹೆಸರು ಹೇಳಿದರೆ ಸಾಕು, ಸಣ್ಣ ಹುಡುಗ ಕೈಹಿಡಿದು ಬಾಗಿಲಿಗೆ ಬಿಡುತ್ತಿದ್ದ.

ಮನೆ ಹೋದಷ್ಟು ಬೇಗ ಪೇಟೆ ಹೋಗಲಿಲ್ಲ. ಇದೇ ನನ್ನ ಲೇಖನದ ಮುಖ್ಯ ಮಾತು. ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಕಿರಾಣಿ ಸಗಟು ವ್ಯಾಪಾರ, ಇವುಗಳಿಗೆ ಗಿರಾಕಿ ಬರುವುದು ಹಳೆಯ ಜಾಗಕ್ಕೆ. ಅಂಗಡಿಕಾರ ಬೆಳಿಗ್ಗೆ ನವನಗರದಲ್ಲಿ ಎದ್ದು, ಸ್ನಾನ ಪೂಜೆ ಮುಗಿಸಿ, ಸಿಟಿ ಬಸ್ಸು ಇಲ್ಲವೆ ಟಂಟಂ ಹಿಡಿದು ವಿದ್ಯಾಗಿರಿಯ ಮೇಲೆ ಹಾದು ಹಳೆಯ ಊರಿಗೆ ಹೋಗುತ್ತಾನೆ. ಮಧ್ಯಾಹ್ನ ಮನೆಗೆ ಬಂದು ಉಂಡು ಒಂದು ಗಳಿಗೆ ಅಡ್ಡಾಗುತ್ತಿದ್ದವ ಈಗ ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಾನೆ. ರಾತ್ರಿ ಒಂಬತ್ತಕ್ಕೆ ತಿರುಗಿ ಬರುತ್ತಾನೆ. ಮನೆಯಲ್ಲಿದ್ದವರಿಗೆ ಹಗಲು ಬಹಳ ಉದ್ದ. ಮುದುಕರಿಗೆ ಕೂಡ್ರಲು ಕಟ್ಟೆಯಿಲ್ಲ. ಉದ್ಯಾನವಿದೆ, ಬೆಂಚೂ ಇದೆ, ಆದರೆ ಅಲ್ಲಿ ಕುಳಿತರೆ ದಾರಿಯಲ್ಲಿ ಹೋಗುವ ಗುರುತಿನವರು ಯಾರು? ಹೆಣ್ಣುಮಕ್ಕಳು ಒಂದು ಸೂಡು ಕೊತ್ತಂಬರಿಗೂ ಯಾರಾದರೂ ಊರಿಗೆ ಹೋಗುವವರನ್ನು ಕಾಯಬೇಕಾದ ದಿನಗಳಿದ್ದವು. "ಊರಿಗೆ ಹೋಗಿ ಬರ್ತೀನಿ" ಎಂದು ಅವರು ಅನ್ನುವಾಗ ಊರೆಂದರೆ ಹಳೆಯ ಊರೇ. ತಾವಿರುವುದಕ್ಕೆ ಸೆಕ್ಟರು ಎನ್ನುತ್ತಿದ್ದರು.

ಈ ಸ್ಥಿತಿಯನ್ನು ಸ್ವಲ್ಪ ಬದಲಿಸಿದ್ದು ಜಿಲ್ಲೆ. ನಮ್ಮ ಮುಧೋಳ 1948ರವರೆಗೆ ಘೋರ್ಪಡೆಯವರ ಸಂಸ್ಥಾನವಾಗಿದ್ದುದರಿಂದ ಬಾಗಲಕೋಟೆಯ ಕಡೆ ನಮಗೆ ಸರಕಾರಿ ಕೆಲಸವಿರಲಿಲ್ಲ. ಬ್ರಿಟಿಷರ ಜಿಲ್ಲಾ ಕಚೇರಿಗಳು ಮೊದಲು ಕಲಾದಗಿಯಲ್ಲಿದ್ದವು; 1885ರಲ್ಲಿ ಅವು ವಿಜಾಪುರಕ್ಕೆ ಹೋದವು. ಸಂಸ್ಥಾನ ವಿಲೀನವಾದ ಮೇಲೆ ನಾವೂ ಕಾಗದಪತ್ರ ಹಿಡಿದು ಕೃಷ್ಣೆ ದಾಟಿ ವಿಜಾಪುರಕ್ಕೇ ಅಲೆದೆವು. 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆಯಾಯಿತು. ಜಿಲ್ಲಾಡಳಿತ ಭವನ ನವನಗರಕ್ಕೆ ಬಂದಿತು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂದಿತು. ಆಗ ಬಸ್ಸುಗಳು ಎರಡೂ ದಿಕ್ಕಿಗೆ ತುಂಬತೊಡಗಿದವು. ಬೆಳಿಗ್ಗೆ ಅಂಗಡಿಕಾರರು ಆ ಕಡೆಗೆ, ಗುಮಾಸ್ತರು ಮತ್ತು ವಿದ್ಯಾರ್ಥಿಗಳು ಈ ಕಡೆಗೆ. ಖಾಲಿ ಪ್ಲಾಟುಗಳಲ್ಲಿ ಮನೆ ಎದ್ದವು, ಮೂಲೆಗೊಂದು ಖಾನಾವಳಿ, ಝೆರಾಕ್ಸ್ ಅಂಗಡಿ ಬಂದವು. ಗಿಡಗಳೂ ನೆರಳು ಕೊಡುವಷ್ಟು ಬೆಳೆದವು. ಇವತ್ತು ಅಲ್ಲಿಯೇ ಹುಟ್ಟಿ ಬೆಳೆದ ಹುಡುಗರಿಗೆ ಆ ಶಾಂತತೆ ಕೊರತೆಯಲ್ಲ, ಅದೇ ಹಿತ. ಹಳೆಯ ಊರಿನ ಇಕ್ಕಟ್ಟು ನೋಡಿ "ಇಲ್ಲಿ ಹೆಂಗ ಇರ್ತಿದ್ರಿ ಅಜ್ಜಾ?" ಎನ್ನುತ್ತಾರೆ. ಅದೂ ನಿಜವೇ.

ಆದರೂ ಹೋಳಿ ಬಂದಾಗ ನೋಡಬೇಕು. ಬಾಗಲಕೋಟೆಯ ಹೋಳಿ ನಾಡಿಗೇ ಹೆಸರಾದದ್ದು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಓಣಿಗಳ ಹೆಸರಿನಲ್ಲಿ ನಡೆಯುವ ಹಬ್ಬ ಅದು. ತುರಾಯಿ ಹಲಗೆ, ಸೋಗಿನ ಬಂಡಿ, ದಿನಗಟ್ಟಲೆ ಬಣ್ಣ. ಮುಳುಗಡೆಯಾಗಿ ಸೆಕ್ಟರುಗಳಲ್ಲಿ ಚದುರಿದವರು ಅವತ್ತು ತಮ್ಮ ಓಣಿ ಹುಡುಕಿಕೊಂಡು ಹೋಗುತ್ತಾರೆ. ಮನೆ ನೀರಿಗೆ ಹೋದರೂ ಓಣಿಯ ಹಲಗೆ ಹೋಗಲಿಲ್ಲ. ಸೆಕ್ಟರಿನ ನಂಬರಿಗೆ ಯಾರಾದರೂ ಹಲಗೆ ಬಾರಿಸಿದ್ದನ್ನು ನಾನಂತೂ ಕೇಳಿಲ್ಲ.

ಸಹಕಾರಿಗಳಾದ ನಮಗೆ ಇದರಲ್ಲಿ ಇನ್ನೊಂದು ಸಂಗತಿಯಿದೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದಾಗ ಅವರ ಬಂಡವಾಳ ಹಣವೊಂದೇ ಆಗಿರಲಿಲ್ಲ. ಯಾರ ಹೊಲ ಯಾವುದು, ಯಾರು ಮಾತಿಗೆ ನಿಲ್ಲುವವರು ಎಂಬುದು ಊರಿಗೆಲ್ಲ ಗೊತ್ತಿತ್ತು. ಜಾಮೀನು ಬರೆಯುವವನು ಬಾಜೂಮನೆಯವನೇ. ಒಂದು ಊರನ್ನು ಎತ್ತಿ ಮೂರು ಕಡೆ ಇಟ್ಟರೆ ಮನೆಗೆ ಮನೆ ಕೊಡಬಹುದು, ಆ ಬಾಜೂಮನೆಯವನನ್ನು ಯಾವ ಪರಿಹಾರದ ಪಟ್ಟಿಯಲ್ಲಿ ಬರೆಯುತ್ತಾರೆ? ನವನಗರದಲ್ಲಿ ಆ ಪರಿಚಯ ಮತ್ತೆ ಬೆಳೆಯಲು ಒಂದು ತಲೆಮಾರು ಹಿಡಿಯಿತು.

ಇದು ಮುಗಿದ ಕಥೆಯೂ ಅಲ್ಲ. ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ನಮ್ಮ ಬೀಗರು ನೆಂಟರು ಇರುವ ಬೀಳಗಿ, ಜಮಖಂಡಿ, ಬಾಗಲಕೋಟೆ ಕಡೆಯ ನದಿದಂಡೆಯ ಊರುಗಳಲ್ಲಿ ಕಟ್ಟೆಯ ಮೇಲೆ ಕುಳಿತವರು ಈಗ ರೇಟಿನ ಮಾತಾಡುತ್ತಾರೆ. ಹೊಸ ಜಾಗದಿಂದ ಉಳಿದ ಹೊಲಕ್ಕೆ ಎಷ್ಟು ದೂರ, ಸಂತೆ ಎಲ್ಲಿ ಕೂಡುತ್ತದೆ, ಒಂದೇ ಓಣಿಯವರಿಗೆ ಒಂದೇ ಸಾಲಿನಲ್ಲಿ ಪ್ಲಾಟು ಸಿಗುತ್ತದೋ ಇಲ್ಲವೋ ಎಂಬುದನ್ನು ಕೇಳುವವರು ಕಡಿಮೆ. ನವನಗರದ ಮುದುಕರು ಮಾತ್ರ, ಯಾರಾದರೂ ಸಲಹೆ ಕೇಳಲು ಹೋದರೆ, ದುಡ್ಡಿನ ಮಾತಿಗಿಂತ ಮೊದಲು ಅದನ್ನೇ ಕೇಳುತ್ತಾರೆ.