ವಿದ್ಯುತ್ ವಾಹನ: ಮೋಟಾರಿನ ಸುರುಳಿ ಸುತ್ತುಗಳು ಹಾಗೂ ನೋಂದಣಿ

ಬ್ರಷ್‌ರಹಿತ ಮೋಟಾರಿನ ತಾಮ್ರದ ಸುರುಳಿಯ ಸುತ್ತುಗಳನ್ನು ಕಡಿಮೆ ಮಾಡಿದಲ್ಲಿ, ಅದೇ ವೋಲ್ಟೇಜಿನಲ್ಲಿ ವೇಗ ಹೆಚ್ಚುತ್ತದೆ. ಆದರೆ ಪ್ರತಿ ಆಂಪಿಯರಿಗೆ ದೊರೆಯುವ ತಿರುಗುಬಲ ಕುಗ್ಗುತ್ತದೆ. ಅದೇ ಭಾರ ಎಳೆಯಲು ಹೆಚ್ಚು ವಿದ್ಯುತ್ ಪ್ರವಾಹ ಬೇಕಾಗಿ, ಕಂಟ್ರೋಲರ್ ಅತಿಯಾಗಿ ಬಿಸಿಯಾಗುವ ಸಂಭವವಿರುತ್ತದೆ. ಸುತ್ತುಗಳು ಹೆಚ್ಚಿದಲ್ಲಿ ತಿರುಗುಬಲ ಹೆಚ್ಚಿ ವೇಗ ತಗ್ಗುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ, ಮೋಟಾರಿನ 30 ನಿಮಿಷಗಳ ಸಾಮರ್ಥ್ಯ 0.25 ಕಿಲೋವ್ಯಾಟ್‌ಗಿಂತಲೂ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ಇತರ ಷರತ್ತುಗಳನ್ನು ಪೂರೈಸಿ ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ದೃಢೀಕರಿಸಲ್ಪಟ್ಟ ಬ್ಯಾಟರಿ ಚಾಲಿತ ವಾಹನಕ್ಕೆ ನೋಂದಣಿ ಅಗತ್ಯವಿರುವುದಿಲ್ಲ. ಸುತ್ತುಗಳನ್ನು ಬದಲಿಸಿದ್ದರಿಂದ ಈ ಮಿತಿ ಮೀರಿದಲ್ಲಿ ವಿನಾಯಿತಿ ಅನ್ವಯಿಸದೆ, ನೋಂದಣಿ, ಚಾಲನಾ ಪರವಾನಗಿ ಹಾಗೂ ವಿಮೆ ಕಡ್ಡಾಯವಾಗುತ್ತವೆ.

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ವಾಹನ ಮಾಲೀಕರು ರೀವೈಂಡಿಂಗ್ ಮಾಡಿಸುವಾಗ ಮೂಲ ಸುತ್ತುಗಳ ಸಂಖ್ಯೆ ಹಾಗೂ ತಂತಿಯ ದಪ್ಪವನ್ನೇ ಉಳಿಸಿಕೊಳ್ಳುವುದು ಸೂಕ್ತ. ಸಂಶಯವಿದ್ದಲ್ಲಿ ಕಲಬುರಗಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸಬಹುದು.