ಹಿಂದೆ ನಿಂತವಳ ದನಿ

ಮೊನ್ನೆ ನಮ್ಮ ಹಳೇ ಹಾಸ್ಟೆಲ್ ಗೆಳೆಯರ ನಡುವೆ ಒಂದು ಸಣ್ಣ ಜಗಳ. ಒಬ್ಬ ಕ್ವೀನ್ ಬ್ಯಾಂಡಿನ ವಿಡಿಯೋ ಕಳಿಸಿದ್ದ. ಹಾಡಿದ್ದು ಆಡಮ್ ಲ್ಯಾಂಬರ್ಟ್. "ಚೆನ್ನಾಗಿ ಹಾಡ್ತಾನೆ, ಆದ್ರೆ ಫ್ರೆಡ್ಡಿ ಅಲ್ಲ" ಅಂತ ಒಬ್ಬ. "ಫ್ರೆಡ್ಡಿ ಅಲ್ಲ ಅನ್ನೋದು ಅವನಿಗೂ ಗೊತ್ತಪ್ಪಾ" ಅಂತ ಇನ್ನೊಬ್ಬ. ಮೂರನೆಯವನು ಇಬ್ಬರಿಗೂ ಬೈದು ಹೋದ. ಇಂಥ ಜಗಳಕ್ಕೆ ತೀರ್ಪು ಇರೋದಿಲ್ಲ ಬಿಡಿ. ಆದರೆ ಓದುತ್ತ ಕೂತ ನನಗೆ ನೆನಪಾದದ್ದು ರಾಕ್ ಅಲ್ಲ, ನಮ್ಮ ಕಂಪ್ಲಿ ಕಡೆಯ ಬುರ್ರಕಥೆ. ಎಲ್ಲಿಂದೆಲ್ಲಿಗೆ ಅಂತೀರಾ? ಸ್ವಲ್ಪ ತಾಳಿ, ಹೇಳ್ತೀನಿ.

ಮೊದಲು ರಾಕ್ ಕಥೆ ಮುಗಿಸೋಣ. ಫ್ರೆಡ್ಡಿ ಮರ್ಕ್ಯುರಿ ಸತ್ತದ್ದು 1991ರ ನವೆಂಬರ್ 24ಕ್ಕೆ. (ಹುಟ್ಟಿದ್ದು ಜಾಂಜಿಬಾರಿನಲ್ಲಿ, ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ.) ಉಳಿದವರು 2005ರಲ್ಲಿ ಪಾಲ್ ರಾಜರ್ಸ್ ಎಂಬ ಹಳೇ ಹುಲಿಯನ್ನು ಕರಕೊಂಡು ಮತ್ತೆ ಊರೂರು ತಿರುಗಿದರು. ಆದರೆ ಬರೇ 'ಕ್ವೀನ್' ಅಂತ ಹೇಳಿಕೊಳ್ಳಲಿಲ್ಲ. ಕ್ವೀನ್, ಆಮೇಲೆ ಒಂದು ಪ್ಲಸ್ ಗುರುತು, ಆಮೇಲೆ ಹಾಡುವವನ ಹೆಸರು. 2012ರಿಂದ ಆಡಮ್ ಲ್ಯಾಂಬರ್ಟ್ ಜೊತೆಗೂ ಅದೇ ಪ್ಲಸ್. ನನಗೆ ಆ ಪ್ಲಸ್ ಬಹಳ ಇಷ್ಟ. ಮನೆಗೆ ಬಂದ ಅಳಿಯನನ್ನು ಮಗ ಅಂತ ಕರೆಯದೆ, ಆದರೂ ಪಂಕ್ತಿಯಲ್ಲಿ ಮೊದಲು ಕೂರಿಸಿದ ಹಾಗೆ!

ಎಸಿ/ಡಿಸಿಯವರಿಗೆ ಈ ಸಂಕೋಚ ಇರಲಿಲ್ಲ. ಅವರ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ಸತ್ತ. ಜುಲೈ ಹೊತ್ತಿಗೆ ಬ್ರಯಾನ್ ಜಾನ್ಸನ್ ದನಿಯಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು. ಇವತ್ತು ಆ ಬ್ಯಾಂಡ್ ಅಂದರೆ ಬಹಳ ಜನಕ್ಕೆ ನೆನಪಾಗೋದು ಜಾನ್ಸನ್ ದನಿಯೇ. ಇನ್ನು 2007ರ ಮಾರ್ಚ್ 17ಕ್ಕೆ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನೂ ಆ ಗುಂಪಿನಲ್ಲಿ ಧೂಳು ಕುಡಿದವನೇ. ಸುತ್ತ ಇದ್ದವರಿಗೆಲ್ಲ ಬ್ರೂಸ್ ಡಿಕಿನ್ಸನ್ನೇ ಮೇಡನ್ನಿನ ಮೂಲ ದನಿ. ಆತನೂ ಒಂದು ಕಾಲಕ್ಕೆ 'ಹೊಸಬ', 1981ರಲ್ಲಿ ಪಾಲ್ ಡಿ'ಆನ್ನೊ ಜಾಗಕ್ಕೆ ಬಂದವನು ಅನ್ನೋದು ಆ ರಾತ್ರಿ ಯಾರಿಗೆ ಬೇಕಿತ್ತು? ಆದರೆ ಆತ ಬಿಟ್ಟುಹೋದಾಗ 1994ರಿಂದ 99ರವರೆಗೆ ಹಾಡಿದ ಬ್ಲೇಜ್ ಬೇಲಿಯನ್ನು ಅಭಿಮಾನಿಗಳು ಬಹಳ ಕಾಲ ಕ್ಷಮಿಸಲಿಲ್ಲ. ಪಾಪ, ಅವನ ತಪ್ಪೆಂದರೆ ಅವನು ಬ್ರೂಸ್ ಆಗಿರಲಿಲ್ಲ, ಅಷ್ಟೇ.

ಇದೆಲ್ಲ ಬಿಳಿಯರ ಗೊಡವೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಗಲಾಟೆ 1938ರಲ್ಲೇ ಆಗಿಹೋಗಿದೆ. ಮರಾಠಿ ರಂಗಭೂಮಿಯ ಬಾಲಗಂಧರ್ವರ ಹೆಸರು ಕೇಳಿರುತ್ತೀರಿ. ಹೆಣ್ಣು ಪಾತ್ರ ಮಾಡುತ್ತಿದ್ದ ಗಂಡಸು. ಅವರು ಉಟ್ಟ ಸೀರೆಯ ಹಾಗೆ ಉಡಬೇಕು ಅಂತ ಹೆಂಗಸರು ನೋಡಲು ಬರುತ್ತಿದ್ದರಂತೆ. ಅವರಿಗೆ ಐವತ್ತು ವರ್ಷವಾಗುವ ಹೊತ್ತಿಗೆ ಕಂಪನಿಗೆ ಬಂದವರು ನಮ್ಮ ಬೀಳಗಿಯ ಗೋಹರ್ ಕರ್ನಾಟಕಿ, ಸಿನಿಮಾ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯ ಅಕ್ಕ. (ಅಮೀರ್‌ಬಾಯಿ ಬಗ್ಗೆ ನಮ್ಮ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಪುಸ್ತಕ ಬರೆದಿದ್ದಾರೆ, ಸಿಕ್ಕರೆ ಓದಿ.) ಬಾಲಗಂಧರ್ವರು ಮೆರೆದ ನಾಯಕಿ ಪಾತ್ರಗಳು ಗೋಹರ್ ಕೈಗೆ ಬಂದವು. ಆಕೆ ಅವರ ಹಾಡುಗಳನ್ನು ಥೇಟ್ ಅವರ ಶೈಲಿಯಲ್ಲೇ ಹಾಡುತ್ತಿದ್ದರು. ಹೆಣ್ಣು ಪಾತ್ರಕ್ಕೆ ನಿಜವಾದ ಹೆಣ್ಣು ಬಂದಾಗ ಹಳೇ ಅಭಿಮಾನಿಗಳು ಮುಖ ತಿರುಗಿಸಿದರು! ಗಂಡಸು ಕಟ್ಟಿದ ಹೆಣ್ಣುತನದ ಮುಂದೆ ಅಸಲಿ ಹೆಣ್ಣು ಸಪ್ಪೆ ಅನ್ನಿಸಿರಬೇಕು. ಇದರ ಜೊತೆಗೆ ಜಾತಿ, ಧರ್ಮ, ಭಾಷೆ ಎಲ್ಲಾ ಸೇರಿಕೊಂಡವು. 1964ರಲ್ಲಿ ತೀರಿಕೊಳ್ಳುವವರೆಗೂ ಗೋಹರ್ ಬಾಲಗಂಧರ್ವರ ಜೊತೆಗೇ ಇದ್ದರು. ಮರಾಠಿ ಅಭಿಮಾನಿಗಳಲ್ಲಿ ಹಲವರು ಆಕೆಯ ಹೆಸರನ್ನು ಇವತ್ತಿಗೂ ಸ್ವಲ್ಪ ಹುಳ್ಳಗೆ ಹೇಳುತ್ತಾರೆ.

ಗೋಹರ್ ಆಗಲಿ, ಬ್ಲೇಜ್ ಆಗಲಿ, ಹೊರಗಿನಿಂದ ಬಂದವರು. ಹಳೆಯ ದನಿ ಪ್ಲೇಟಿನಲ್ಲೋ ಕ್ಯಾಸೆಟ್ಟಿನಲ್ಲೋ ಮನೆಯಲ್ಲೇ ಇರುತ್ತೆ. ಜನ ಬೆಳಗ್ಗೆ ಅದನ್ನು ಕೇಳಿ ಸಂಜೆ ಇವರನ್ನು ಕೇಳಲು ಬರ್ತಾರೆ. ಹೋಲಿಕೆ ಮಾಡದೆ ಇನ್ನೇನು ಮಾಡ್ತಾರೆ? ನಮ್ಮ ಕಡೆಯ ಮೇಳಗಳಲ್ಲಿ ಇದು ಬೇರೆ ಥರ ನಡೆಯುತ್ತೆ. ಅಲ್ಲಿ ಹೊಸ ಗಾಯಕಿ ಹೊಸಬಳಾಗಿರೋದೇ ಇಲ್ಲ.

ಮಂಜಮ್ಮ ಜೋಗತಿಯವರನ್ನೇ ನೋಡಿ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಳ್ಳುವ ಮುಂಚೆ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲ, ಅವರೇ. ಹುಟ್ಟಿದ್ದು ಕಂಪ್ಲಿಗೆ ದೂರವಲ್ಲದ ಕಲ್ಲುಕಂಬದಲ್ಲಿ, ಮಂಜುನಾಥ ಶೆಟ್ಟಿ ಎಂಬ ಹುಡುಗನಾಗಿ. 1975ರಲ್ಲಿ ಹೊಸಪೇಟೆಯಿಂದ ಹೊಳೆಯ ಆಚೆಗಿರುವ ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡರು. ಆಮೇಲಿನ ವರ್ಷಗಳ ಕಷ್ಟ ನಾನು ಇಲ್ಲಿ ಎರಡು ಸಾಲಿನಲ್ಲಿ ಹೇಳುವಂಥದ್ದಲ್ಲ. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ 'ನಡುವೆ ಸುಳಿವ ಹೆಣ್ಣು' ಓದಿ. ದಾವಣಗೆರೆಯಲ್ಲಿ ಜೋಗತಿ ಕುಣಿತ ಕಲಿತು, ಕೊನೆಗೆ ಸೇರಿದ್ದು ಕಾಳವ್ವ ಜೋಗತಿಯವರ ತಂಡವನ್ನು. ಮರಿಯಮ್ಮನಹಳ್ಳಿ ಅಂದರೆ ನಮ್ಮ ಹೊಸಪೇಟೆ ಸೀಮೆಯ ನಾಟಕದೂರು. ಯಲ್ಲಮ್ಮನ ಆಟದಲ್ಲಿ ಮಂಜಮ್ಮನವರಿಗೆ ಮೊದಲು ಸಿಕ್ಕದ್ದು ಸಣ್ಣಪುಟ್ಟ ಪಾತ್ರಗಳು. ಆಮೇಲೆ ಮುಖ್ಯ ಪಾತ್ರಗಳು. ಕಾಳವ್ವ ತೀರಿಕೊಂಡ ಮೇಲೆ ತಂಡವೇ ಅವರ ಹೆಗಲಿಗೆ ಬಂತು.

ಅಂದರೆ ಕಾಳವ್ವ ಇಲ್ಲದ ಮೊದಲ ಆಟ ನೋಡಿದ ಜನ ಮಂಜಮ್ಮನವರನ್ನು ಎಷ್ಟೋ ವರ್ಷಗಳಿಂದ ನೋಡಿದ್ದರು, ಪಕ್ಕದಲ್ಲಿ. ಚೌಡಿಕೆಯ ಸದ್ದು ಅದೇ, ತಾಳ ಅದೇ, ತಲೆಯ ಮೇಲಿನ ಕೊಡವೂ ಅದೇ. ನಡುವೆ ನಿಂತವರು ಮಾತ್ರ ಬೇರೆ. ಮುಂದೆ 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷತೆ. ಈಗ ನಮ್ಮ ವಯಸ್ಸಿನವರಿಗೆ ಜೋಗತಿ ನೃತ್ಯ ಅಂದರೆ ಮಂಜಮ್ಮನೇ ಮೂಲ, ಕಾಳವ್ವ ಬರೀ ಒಂದು ಹೆಸರು. ಎಸಿ/ಡಿಸಿಯ ಕಥೆಯೇ! ವ್ಯತ್ಯಾಸ ಏನೆಂದರೆ ಬಾನ್ ಸ್ಕಾಟ್ ದನಿ ಅಂಗಡಿಯಲ್ಲಿ ಸಿಗುತ್ತೆ, ಕಾಳವ್ವನ ದನಿ ಕೇಳಿದವರ ಕಿವಿಯಲ್ಲಿ ಮಾತ್ರ ಇದೆ.

ಇನ್ನು ದರೋಜಿಗೆ ಬರೋಣ. ಈಗ ದರೋಜಿ ಅಂದರೆ ಕರಡಿಧಾಮ ಅನ್ನುತ್ತಾರೆ. ನಮ್ಮ ಅಜ್ಜಿಗೆ ದರೋಜಿ ಅಂದರೆ ಈರಮ್ಮ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಬುಡ್ಗಜಂಗಮರ ಹೆಣ್ಣುಮಗಳು. ಮನೆಮಾತು ತೆಲುಗು. ಅಕ್ಷರ ಬಾರದು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ವಿಶ್ವವಿದ್ಯಾಲಯದ ನಾಡೋಜ. ತೀರಿಕೊಂಡದ್ದು 2014ರ ಆಗಸ್ಟ್ 12ಕ್ಕೆ. ಅವರ ಬಾಯಲ್ಲಿ 12 ಕಾವ್ಯಗಳಿದ್ದವು, ಎರಡು ಲಕ್ಷ ಪದ, ಏಳು ಸಾವಿರ ಪುಟ ಅಂತ ಎಲ್ಲ ಕಡೆ ಬರೆಯುತ್ತಾರೆ. ನಾನು ಒಂದು ಸಲ ಭಾಗಿಸಿ ನೋಡಿದೆ. ಪುಟಕ್ಕೆ 29 ಪದವೂ ಬರಲ್ಲ! ಒಬ್ಬರು ಬರೆದದ್ದನ್ನು ಇನ್ನೊಬ್ಬರು ಇಳಿಸಿಕೊಂಡರೆ ಹೀಗೇ :-) ಇರಲಿ, ಅದರಿಂದ ಈರಮ್ಮನ ತೂಕವೇನೂ ಕಮ್ಮಿಯಾಗಲಿಲ್ಲ. ಹಾಡನ್ನು ಪುಟದಲ್ಲಿ ಅಳೆಯಲು ಹೋದದ್ದೇ ಎಡವಟ್ಟು.

ಆ ಕಾವ್ಯಗಳಲ್ಲಿ ನಮ್ಮ ಸೀಮೆಗೆ ಹತ್ತಿರದ್ದು ಕುಮಾರರಾಮನದು. ವಿಜಯನಗರಕ್ಕೂ ಮುಂಚೆ ಇಲ್ಲಿ ಕಂಪಿಲಿ ಅಂತ ಒಂದು ರಾಜ್ಯ ಇತ್ತು, ಈಗಿನ ಕಂಪ್ಲಿಯ ಹೆಸರು ಅದರದೇ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನ ಸೈನ್ಯ ಅದನ್ನು ಮುರಿಯಿತು. ಕಂಪಿಲರಾಯನ ಮಗ ರಾಮ. ಅವನ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಗೆ ಬೀಳುತ್ತೆ, ತರಲು ಹೋದವನನ್ನು ಅವಳು ಬಯಸುತ್ತಾಳೆ, ಅವನು ಒಲ್ಲೆ ಅನ್ನುತ್ತಾನೆ, ಅವಳು ಚಾಡಿ ಹೇಳುತ್ತಾಳೆ, ರಾಜ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಅಡಗಿಸಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸುವ ಕಥೆ ನೋಡಿ ಇದೂ!

2017ರಲ್ಲಿ ಕಂಪ್ಲಿ ಕಡೆಯ ಒಂದು ಸಣ್ಣ ಊರಿನ ಜಾತ್ರೆಯಲ್ಲಿ ಈ ಕಥೆ ಕೇಳಿದೆ. ಈರಮ್ಮನ ಮೇಳವಲ್ಲ, ಬೇರೆಯದು. ಹೆಸರು ಹಾಕೋದಿಲ್ಲ, ಅವರನ್ನು ಕೇಳಿಲ್ಲ. ಮುಂದೆ ನಿಂತವಳು ಮೂವತ್ತರ ಆಸುಪಾಸಿನ ಹೆಂಗಸು, ಅಕ್ಕಪಕ್ಕ ಬುರ್ರ ಬಾರಿಸುತ್ತ ಸೊಲ್ಲು ಹಿಡಿಯುವ ಇಬ್ಬರು. ಅದರಲ್ಲಿ ಬಲಗಡೆಯವರು ತಲೆ ಪೂರ್ತಿ ನೆರೆತ ಮುದುಕಿ.

ನನ್ನ ಹಿಂದೆ ಕೂತ ಹೆಂಗಸರ ವಿಮರ್ಶೆ ಕಥೆಗಿಂತ ಮೊದಲೇ ಶುರುವಾಗಿತ್ತು. "ಈಕಿ ಭಾಳ ಲಗೂ ಓಡಿಸ್ತಾಳ." "ಈರಮ್ಮ ಆಗಿದ್ರ ಚೆಂಡು ಬೀಳೋದ್ನೇ ಅರ್ಧ ತಾಸು ಹೇಳ್ತಿದ್ಲು." "ಅತ್ತಿ ಹಾಡೂವಾಗ ಈ ಜಾಗದಾಗ ಅಳು ಬರ್ತಿತ್ತು ಬಿಡು." ಅತ್ತೆ ಯಾರು ಅಂತ ತಿರುಗಿ ಕೇಳಿದೆ. ಬಲಗಡೆ ಬುರ್ರ ಹಿಡಿದ ಮುದುಕಿಯ ಕಡೆ ಬೊಟ್ಟು ಮಾಡಿದರು. ಮೂರು ವರ್ಷದ ಹಿಂದಿನವರೆಗೂ ಮುಂದೆ ನಿಂತು ಹಾಡುತ್ತಿದ್ದವರು ಅವರೇ. ಕಂಠ ಕೈಕೊಟ್ಟಿತು, ಸೊಸೆ ಮುಂದೆ ಬಂದಳು, ಅತ್ತೆ ಪಕ್ಕಕ್ಕೆ ಸರಿದರು. ಅದಕ್ಕೆ ಮುಂಚೆ ಸೊಸೆ ಆ ಪಕ್ಕದ ಜಾಗದಲ್ಲೇ ಹತ್ತು ಹನ್ನೆರಡು ವರ್ಷ ಸೊಲ್ಲು ಹಿಡಿದಿದ್ದಳಂತೆ.

ರತ್ನಾಜಿ ರಾಮನ ಸೆರಗು ಹಿಡಿಯುವ ಜಾಗದಲ್ಲಿ ಸೊಸೆಯ ದನಿ ಒಮ್ಮೆ ನಿಂತಿತು. ಸಾಲು ಮರೆತಳೋ ಉಸಿರು ಕಟ್ಟಿತೋ. ಮುದುಕಿ ಬುರ್ರ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ, ಆ ಸಾಲನ್ನು ತಾನೇ ಎತ್ತಿಕೊಂಡಳು. ಒಡೆದ ದನಿ, ಮೇಲಿನ ಸ್ವರಕ್ಕೆ ಹೋಗದ ದನಿ. ಎರಡು ಸುತ್ತು ಅಷ್ಟೇ. ಮೂರನೇ ಸುತ್ತಿಗೆ ಸೊಸೆ ಹಿಡಿದಳು. ಹಿಂದಿನ ಹೆಂಗಸರು ಆ ಹೊತ್ತಿಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಒಬ್ಬಾಕೆ "ಕಲೀತಾಳ ತಗಿ, ಅತ್ತೀನೂ ಮೊದ್ಲು ಹಿಂಗ ಇದ್ಲು" ಅಂದಳು. ಅಭಿಮಾನಿಗಳ ಬಾಯಿಂದ ಇಷ್ಟು ಒಳ್ಳೆ ವಿಮರ್ಶೆ ಪಾಪ ಬ್ಲೇಜ್ ಬೇಲಿಗೆ ಸಿಗಲಿಲ್ಲ.

ನನ್ನ ಲೆಕ್ಕದಲ್ಲಿ ಈ ಕಲೆ ಇಷ್ಟು ದಿನ ಉಳಿದದ್ದು ಮುಂದೆ ನಿಂತವರಿಂದ ಎಷ್ಟೋ, ಪಕ್ಕದ ಆ ಎರಡು ಜಾಗಗಳಿಂದಲೂ ಅಷ್ಟೇ. ಕೇಳುವವರಿಗೆ ಹೊಸ ದನಿ ಅಭ್ಯಾಸವಾಗೋದೂ ಅಲ್ಲೇ, ಹಾಡುವವಳು ತಪ್ಪು ಮಾಡಿ ಕಲಿಯೋದೂ ಅಲ್ಲೇ. ಈಗಿನ ಉತ್ಸವದ ವೇದಿಕೆಗಳಲ್ಲಿ ನಾನು ನೋಡಿದ ಮಟ್ಟಿಗೆ ಒಂದು ಜನಪದ ತಂಡಕ್ಕೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ತಾಸು. ಇಡೀ ರಾತ್ರಿಯ ಕಥೆಯಲ್ಲಿ ಒಬ್ಬರಿಗೆ ಉಸಿರು ಬೇಕು, ಹಾಗಾಗಿ ಇನ್ನೊಬ್ಬರಿಗೆ ಸರದಿ ಸಿಗುತ್ತೆ. ಇಪ್ಪತ್ತು ನಿಮಿಷದಲ್ಲಿ ಯಾರಿಗೆ ದಣಿವಾಗುತ್ತೆ? ಹೆಸರಾದವರು ಹಾಡಿ ಇಳಿಯುತ್ತಾರೆ. ಪಕ್ಕದವಳು ತಂದಾನ ಅಂದದ್ದಷ್ಟೇ ಬಂತು. ಮೈಕೂ ಅವಳ ಮುಂದೆ ಇರಲ್ಲ.

ಧ್ವನಿಮುದ್ರಣ ಬೇಡ ಅಂತ ನಾನು ಹೇಳ್ತಿಲ್ಲ. ವಿಶ್ವವಿದ್ಯಾಲಯದವರು ಈರಮ್ಮನ ಕಾವ್ಯಗಳನ್ನು ದಾಖಲು ಮಾಡದಿದ್ದರೆ ನಮಗೆ ಇಂದು ಏನೂ ಇರುತ್ತಿರಲಿಲ್ಲ. ಆದರೆ ಆ ದಾಖಲೆ ಮುಂದೆ ಇಟ್ಟುಕೊಂಡು "ಈರಮ್ಮ ಹೀಗೆ ಹೇಳಿಲ್ಲವಲ್ಲ" ಅಂತ ಸೊಸೆಯಂದಿರನ್ನು ತಿದ್ದಲು ಹೊರಟರೆ ಅವರೂ ಒಂದು ಪ್ಲಸ್ ಗುರುತಿನ ಬಲಗಡೆಗೇ ಉಳಿದುಬಿಡುತ್ತಾರೆ. ಈರಮ್ಮನೂ ಓದಿ ಹಾಡಿದವರಲ್ಲ, ಯಾರದೋ ಬಾಯಿಂದ ಕೇಳಿ ಹಾಡಿದವರು.

ನಿಮ್ಮ ಕಡೆಯೂ ಇಂಥ ಮೇಳ, ಭಜನೆ ತಂಡ, ಕಂಪನಿ ನಾಟಕ ಇದ್ದರೆ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಮುಖ್ಯ ಗಾಯಕರ ಬಗ್ಗೆ ಪತ್ರಿಕೆಯವರು ಬರೆದಿರುತ್ತಾರೆ. ಪಕ್ಕದಲ್ಲಿ ಯಾರಿದ್ದರು, ಎಷ್ಟು ವರ್ಷ ಇದ್ದರು, ಅವರು ಒಪ್ಪಿದರೆ ಅವರ ಹೆಸರು, ಅದನ್ನು ಬರೆಯಿರಿ. ಆ ಊರಿನ ಮುಂದಿನ ಜಾತ್ರೆಗೆ ನಾನೂ ಕೇಳಿಕೊಂಡೇ ಬರ್ತೀನಿ.