ಲೆಟ್ಯೂಸ್ ಬೀಜದ ಮೊಳಕೆ ಪರೀಕ್ಷೆಯಲ್ಲಿ ಉಷ್ಣತೆ

ಲೆಟ್ಯೂಸ್ (ಲ್ಯಾಕ್ಟುಕ ಸಟೈವ) ಸೂರ್ಯಕಾಂತಿ ಕುಟುಂಬದ ಸೊಪ್ಪು ತರಕಾರಿ. ಬೀಜವೆಂದು ಬಿತ್ತುವುದು ಒಂದೇ ಬೀಜವುಳ್ಳ ಒಣ ಹಣ್ಣನ್ನು. ತಂಪು ಹವೆಯ ಬೆಳೆಯಾದ್ದರಿಂದ ಇದರ ಮೊಳಕೆ ಪ್ರಮಾಣ ಉಷ್ಣತೆಗೆ ತಕ್ಕಂತೆ ತೀವ್ರವಾಗಿ ಏರಿಳಿಯುತ್ತದೆ. ಉಷ್ಣತೆ ನಮೂದಿಸದ ಮೊಳಕೆ ಅಂಕಿಯಿಂದ ಬೀಜದ ಗುಣಮಟ್ಟ ತಿಳಿಯದು.

ವಿಧಾನ

ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘದ (ಸ್ಥಾಪನೆ 1924) ನಿಯಮದಂತೆ 400 ಬೀಜಗಳನ್ನು ತಲಾ 100ರ ನಾಲ್ಕು ಪಾಲಾಗಿ ಒದ್ದೆ ಕಾಗದದ ಮೇಲೆ ಅಥವಾ ನಡುವೆ 20° ಸೆ.ನಲ್ಲಿಡುತ್ತಾರೆ. ಮೊದಲ ಎಣಿಕೆ 4ನೆಯ ದಿನ, ಕೊನೆಯದು 7ನೆಯ ದಿನ. ಸುಪ್ತಾವಸ್ಥೆಯ ಶಂಕೆಯಿದ್ದರೆ ಒದ್ದೆ ಬೀಜವನ್ನು ಮೊದಲು 5–10° ಸೆ. ತಂಪಿನಲ್ಲಿಡುವುದುಂಟು.

ಶಾಖದ ತಡೆ

ತಳಿಯನ್ನು ಅವಲಂಬಿಸಿ ಸುಮಾರು 25–32° ಸೆ. ಮೀರಿದಾಗ ಬೀಜ ನೀರು ಹೀರಿದರೂ ಬೇರು ಹೊರಬರುವುದಿಲ್ಲ. ಈ ತಡೆ ಎರಡು ಬಗೆ. ಮೊದಲನೆಯದರಲ್ಲಿ, ತಂಪು ಸಿಕ್ಕ ಕೂಡಲೇ ಬೀಜ ಮೊಳೆಯುತ್ತದೆ. ಎರಡನೆಯದರಲ್ಲಿ, ದೀರ್ಘ ಶಾಖಕ್ಕೆ ಸಿಕ್ಕ ಬೀಜ ತಂಪು ಮಾಡಿದರೂ ಮೊಳೆಯದೆ ಸುಪ್ತವಾಗಿ ಉಳಿಯುತ್ತದೆ. ಭ್ರೂಣವನ್ನು ಎರಡು-ಮೂರು ಪದರ ಜೀವಕೋಶಗಳ ಭ್ರೂಣಾಹಾರ ಬಿಗಿಯಾಗಿ ಸುತ್ತಿರುತ್ತದೆ. ಅದರ ಗೋಡೆಗಳು ಕಿಣ್ವಗಳಿಂದ ಸಡಿಲವಾಗದಿದ್ದರೆ ಬೇರಿಗೆ ದಾರಿಯಿಲ್ಲ. ಶಾಖದಲ್ಲಿ ಆಬ್ಸಿಸಿಕ್ ಆಮ್ಲವೆಂಬ ಸಸ್ಯ ಹಾರ್ಮೋನು ತಗ್ಗದೆ ಉಳಿದು ಈ ಸಡಿಲಿಕೆಯನ್ನು ತಡೆಯುತ್ತದೆ. ಜಿಬ್ಬರೆಲಿನ್ ಮತ್ತು ಎಥಿಲೀನ್ ಹಾರ್ಮೋನುಗಳು ಇದಕ್ಕೆ ವಿರುದ್ಧವಾಗಿ ವರ್ತಿಸುತ್ತವೆ. ಹೊದಿಕೆ ಬಿಡಿಸಿದ ಭ್ರೂಣ ಇಡೀ ಬೀಜಕ್ಕಿಂತ ಹೆಚ್ಚು ಶಾಖದಲ್ಲೂ ಬೆಳೆಯುತ್ತದೆ. ಕಾಡು ಸಂಬಂಧಿಯಾದ ಲ್ಯಾಕ್ಟುಕ ಸೆರಿಯೋಲದ ಒಂದು ವಂಶದಲ್ಲಿ ಕಂಡ ಶಾಖಸಹಿಷ್ಣುತೆಗೆ ಆಬ್ಸಿಸಿಕ್ ಆಮ್ಲದ ತಯಾರಿಕೆಯಲ್ಲಿ ಪಾತ್ರವಹಿಸುವ ಎನ್‌ಸಿಇಡಿ4 ಜೀನ್ ಮುಖ್ಯ ಕಾರಣವೆಂದು ತೋರುತ್ತದೆ.

ಬೆಳಕಿನ ಸಂಬಂಧ

1930ರ ದಶಕದಲ್ಲಿ ವಿಜ್ಞಾನಿಗಳಾದ ಫ್ಲಿಂಟ್ ಮತ್ತು ಮೆಕ್‌ಆಲಿಸ್ಟರ್ ಕೆಂಪು ಬೆಳಕು ಲೆಟ್ಯೂಸ್ ಮೊಳಕೆಗೆ ಪ್ರೇರಕ, ದೂರ-ಕೆಂಪು ಬೆಳಕು ಪ್ರತಿಬಂಧಕ ಎಂದು ತೋರಿಸಿದ್ದರು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬಾರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಗ್ರ್ಯಾಂಡ್ ರ‍್ಯಾಪಿಡ್ಸ್ ತಳಿಗೆ ಎರಡೂ ಬೆಳಕನ್ನು ಸರದಿಯಂತೆ ಹಾಯಿಸಿ, ಕೊನೆಗೆ ಬಿದ್ದ ಬೆಳಕೇ ಫಲಿತಾಂಶ ನಿರ್ಧರಿಸುವುದೆಂದು ಸಾಬೀತುಪಡಿಸಿದರು. ಬೆಳಕನ್ನು ಗ್ರಹಿಸುವ ಫೈಟೋಕ್ರೋಮ್ ವರ್ಣಕದ ಶೋಧಕ್ಕೆ ಅದು ದಾರಿಯಾಯಿತು. ಇದೇ ತಳಿ ತಂಪಿನಲ್ಲಿ ಕತ್ತಲಲ್ಲೂ ಮೊಳೆಯುತ್ತದೆ, 25° ಸೆ. ಆಸುಪಾಸಿನಲ್ಲಿ ಬೆಳಕು ಬೇಡುತ್ತದೆ. ಹೀಗಾಗಿ ಪರೀಕ್ಷೆಯಲ್ಲಿ ಬೆಳಕು ಮತ್ತು ಉಷ್ಣತೆಯನ್ನು ಒಟ್ಟಿಗೇ ನಿಯಂತ್ರಿಸಬೇಕು.

ಮೈಸೂರಿನಲ್ಲಿ

ಮೈಸೂರು ನಗರದಲ್ಲಿ ಏಪ್ರಿಲ್ ಹಗಲು ಸುಮಾರು 34° ಸೆ. ಮುಟ್ಟಿದರೆ, ಜನವರಿ ರಾತ್ರಿ 16ರ ಆಸುಪಾಸಿಗೆ ಇಳಿಯುತ್ತದೆ. ತಂಪು ಪೆಟ್ಟಿಗೆಯಿಲ್ಲದೆ ಮೇಜಿನ ಮೇಲೆ ಒಂದೇ ಬೀಜರಾಶಿಯನ್ನು ಎರಡೂ ತಿಂಗಳು ಪರೀಕ್ಷಿಸಿದರೆ ಫಲಿತಾಂಶ ಹೊಂದದಿರುವ ಸಂಭವ ಹೆಚ್ಚು. ಮೊಳೆಯದ ಬೀಜವನ್ನು ಸತ್ತದ್ದೆಂದು ಎಣಿಸುವ ಮುನ್ನ ತಂಪಿಗೆ ಸರಿಸಬೇಕು ಅಥವಾ ಟೆಟ್ರಾಜೋಲಿಯಂ ಬಣ್ಣದಿಂದ ಜೀವಂತಿಕೆ ನೋಡಬೇಕು. ನೀರು ಹೀರುವ ಮೊದಲ ಗಂಟೆಗಳು ನಿರ್ಣಾಯಕವಾದ್ದರಿಂದ, ಬೇಸಿಗೆಯಲ್ಲಿ ಸಂಜೆ ಬಿತ್ತಿ ನೀರು ಕೊಡುವುದು ಬೆಳೆಗಾರರಿಗೆ ಹಿತ.